ನಮ್ಮ ಶೈನಿ ಆಡಿದ್ದು ರಗ್ಬಿಯಲ್ಲ

ಕೋಡಿಂಬಾಳ

ಐರ್ಲೆಂಡಿಗೆ ಹೋದವರು ಹಸಿರು ಗುಡ್ಡ, ಹಳೆಯ ಕೋಟೆ, ಕಡಲಂಚಿನ ಬಂಡೆಗಳನ್ನು ನೋಡಿ ಬರುತ್ತಾರೆ. ನಾನು ಅಷ್ಟು ದೂರ ಹೋದದ್ದು ಒಂದೇ ಒಂದು ಆಟ ನೋಡಲಿಕ್ಕೆ. ಅದನ್ನೂ ಸರಿಯಾಗಿ ನೋಡಲಿಲ್ಲ. ಇದನ್ನು ಬರೆಯುತ್ತಿರುವವಳು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿದ್ದು, ಹೊತ್ತಿಗೆ ಸರಿಯಾಗಿ ಮೈದಾನಕ್ಕೆ ಬಾರದ ಮಕ್ಕಳನ್ನು ಬಿಸಿಲಲ್ಲಿ ಎರಡು ಸುತ್ತು ಓಡಿಸುತ್ತಿದ್ದವಳು ಎನ್ನುವುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನನ್ನನ್ನು ಕರೆದವಳು ಶೈನಿ. ನೆಲ್ಯಾಡಿಯ ಹುಡುಗಿ. ಅವಳ ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ ಮನೆಯವರು. ಅಮ್ಮ ಅನ್ನಮ್ಮ ಈಗಲೂ ರಬ್ಬರ್ ಮರದ ಹಾಲು ತೆಗೆಯುವ ಟ್ಯಾಪಿಂಗಿಗೆ ಹೋಗುತ್ತಾರೆ. ಹತ್ತನೆಯ ತರಗತಿಯ ತನಕ ಶೈನಿ ನನ್ನ ಹತ್ತಿರ ಕಬಡ್ಡಿ ಕಲಿತಳು. ಆಮೇಲೆ ನರ್ಸಿಂಗ್ ಓದಿ ಐರ್ಲೆಂಡಿನ ಆಸ್ಪತ್ರೆಯೊಂದಕ್ಕೆ ಹೋದಳು. ನಾನು ನಿವೃತ್ತಳಾಗಿ ಕೋಡಿಂಬಾಳದ ಮನೆಯಲ್ಲಿ ಕುಳಿತ ವರ್ಷ ಒಂದು ದಿನ ಫೋನು ಮಾಡಿದಳು.

“ಟೀಚರೇ, ನಾನೀಗ ಇಲ್ಲಿ ಆಡ್ತೇನೆ. ಗೇಲಿಕ್ ಫುಟ್ಬಾಲ್. ಫೈನಲಿಗೆ ಬಂದಿದ್ದೇವೆ. ನೀವು ಬರ್ಲೇಬೇಕು.”

“ನೀನಾ? ಎಂತ ಹೇಳುದು ಮಾರಾಯ್ತಿ!”

“ಆಡುವ ಹದಿನೈದು ಜನರ ಒಳಗೆ ಇದ್ದೇನೆ ಟೀಚರೇ. ರಿಸರ್ವ್ ಅಲ್ಲ.”

ಅವಳನ್ನು ಪುತ್ತೂರಿನ ಕಬಡ್ಡಿ ಪಂದ್ಯಕ್ಕೆ ಕರೆದುಕೊಂಡು ಹೋಗಿ, ನಾಲ್ಕು ಮ್ಯಾಚಿನಲ್ಲೂ ಅಂಕಣಕ್ಕೆ ಇಳಿಸದೆ ನೀರಿನ ಬಾಟಲಿ ಕಾಯಲು ಕೂರಿಸಿದವಳು ನಾನೇ. ಉದ್ದ ಕೈಕಾಲಿನ ಸಪೂರ ಹುಡುಗಿ, ಯಾರಾದರೂ ಮುಟ್ಟಿದರೆ ಮುರಿದು ಹೋದಾಳು ಎಂಬುದು ನನ್ನ ತಜ್ಞ ಅಭಿಪ್ರಾಯವಾಗಿತ್ತು. ಅವತ್ತು ಅನ್ನಮ್ಮ ಕೆಲಸ ಬಿಟ್ಟು ಮಗಳ ಆಟ ನೋಡಲು ಪುತ್ತೂರಿಗೆ ಬಂದಿದ್ದರು ಎನ್ನುವುದು ನನಗೆ ತಿಳಿದದ್ದು ಇಷ್ಟು ವರ್ಷಗಳ ಮೇಲೆ, ಆ ಫೋನಿನಲ್ಲಿ.

“ಅಮ್ಮನೂ ಬರ್ತಾರೆ. ಒಬ್ಬರೇ ಬರ್ಲಿಕ್ಕೆ ಅವರಿಗೆ ಹೆದರಿಕೆ. ನಿಮಗೆ ಇಂಗ್ಲಿಷ್ ಬರ್ತದಲ್ಲ, ಒಟ್ಟಿಗೆ ಬನ್ನಿ” ಎಂದಳು ಶೈನಿ.

ನನ್ನ ಇಂಗ್ಲಿಷು ‘ಅಟೆನ್ಶನ್, ಸ್ಟ್ಯಾಂಡ್ ಅಟ್ ಈಸ್’ ದಾಟಿ ಹೆಚ್ಚು ದೂರ ಹೋದದ್ದಲ್ಲ. ಆದರೆ ಟೀಚರಾಗಿದ್ದವರು ಇದನ್ನೆಲ್ಲ ಹೇಳಿಕೊಳ್ಳುವುದಿಲ್ಲ.

ಡಬ್ಲಿನ್

ವಿಮಾನ ನಿಲ್ದಾಣದ ಗಾಜಿನ ಗೂಡಿನಲ್ಲಿ ಕುಳಿತ ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಿದರು. “ಮ್ಯಾಚ್ ನೋಡಲು” ಎಂದೆ. “ರಗ್ಬಿಯಾ?” ಎಂದರು. ಆ ವಾರ ಐರ್ಲೆಂಡಿನ ರಗ್ಬಿ ತಂಡ ಹೊರದೇಶದ ತಂಡವೊಂದರ ಜೊತೆ ಡಬ್ಲಿನ್ನಿನಲ್ಲಿ ಆಡುವುದಿತ್ತಂತೆ. ನಮ್ಮ ಹಿಂದಿನ ಸಾಲಿನಲ್ಲೂ ಹಸಿರು ಅಂಗಿ ಹಾಕಿದ ದಾಂಡಿಗರು ತುಂಬಿದ್ದರು.

“ಅಲ್ಲ, ಗೇಲಿಕ್ ಫುಟ್ಬಾಲ್. ನನ್ನ ವಿದ್ಯಾರ್ಥಿನಿ ಆಡುತ್ತಾಳೆ.”

ಅವರ ಮುಖ ಅರಳಿದ ಚಂದ ನೋಡಬೇಕು. ಯಾವ ಊರು, ಯಾವ ತಂಡ, ಎದುರಾಳಿ ಯಾರು ಎಂದೆಲ್ಲ ವಿಚಾರಿಸಿದರು. ತಮ್ಮ ಊರಿನ ತಂಡದಲ್ಲಿ ತಮ್ಮ ಅಣ್ಣ ಗೋಲ್‌ಕೀಪರ್ ಆಗಿದ್ದ ಕಥೆಯನ್ನೂ ಹೇಳಿದರು. ಸಾಲು ಬೆಳೆಯುತ್ತಲೇ ಇತ್ತು. ಅನ್ನಮ್ಮ ನನ್ನ ಸೆರಗು ಜಗ್ಗಿದರು.

“ಟೀಚರೇ, ಅವ ಎಂತ ಅಷ್ಟು ಕೇಳುದು? ನಮ್ಮನ್ನು ಹಿಂದೆ ಕಳಿಸ್ತಾನಾ?”

“ಇಲ್ಲ, ಅವನ ಅಣ್ಣ ಗೋಲ್‌ಕೀಪರ್ ಅಂತೆ.”

“ಅದಕ್ಕೆ ನಾವೆಂತ ಮಾಡ್ಲಿಕ್ಕೆ ಉಂಟು?”

ಶೈನಿ ಬರುವುದು ಸ್ವಲ್ಪ ತಡವಾಯಿತು. ಆ ಬಿಡುವಿನಲ್ಲಿ ನಾನು ಈ ಪ್ರವಾಸದ ಮೊದಲ ತಪ್ಪು ಮಾಡಿದೆ. ನಿಲ್ದಾಣದ ಅಂಗಡಿಯೊಂದರಲ್ಲಿ ಹಸಿರು ಜೆರ್ಸಿಗಳು ತೂಗುತ್ತಿದ್ದವು. ಐರ್ಲೆಂಡಿನ ಬಣ್ಣ ಹಸಿರು ಎಂದು ನನಗೆ ಗೊತ್ತಿತ್ತು. ನನ್ನ ಹುಡುಗಿಗೆ ಬೆಂಬಲವಾಗಿರಲಿ ಎಂದು ಒಂದನ್ನು ಕೊಂಡು ಸೀರೆಯ ಮೇಲೆಯೇ ಹಾಕಿಕೊಂಡೆ. ಶೈನಿ ಓಡಿ ಬಂದು ಅಮ್ಮನನ್ನು ಅಪ್ಪಿಕೊಂಡಳು, ನನ್ನ ಕಾಲು ಮುಟ್ಟಿದಳು, ಎದ್ದು ನಿಂತವಳು ಜೆರ್ಸಿ ನೋಡಿ ಬಾಯಿಗೆ ಕೈ ಹಿಡಿದಳು.

“ಟೀಚರೇ, ಇದು ರಗ್ಬಿಯದ್ದು. ಬ್ರೀಡಾ ನೋಡುವ ಮೊದಲು ತೆಗೀರಿ.”

“ಚಳಿ ಉಂಟಲ್ಲ, ಇರ್ಲಿ” ಎಂದೆ. ಬ್ರೀಡಾ ಯಾರೆಂದು ನನಗೆ ಆಗ ಗೊತ್ತಿರಲಿಲ್ಲ.

ಬ್ರೀಡಾ ಮತ್ತು ಡೆನಿಸ್ ಅವರ ಮನೆ

ಊರಿನ ಹೆಸರು ಬೇಡ. ಬರೆಯಲು ಬಂದರೂ ಹೇಳಲು ಬರುವ ಹೆಸರಲ್ಲ. ಅಲ್ಲದೆ ಆ ಊರಿಗೆ ನನ್ನಿಂದ ಆದ ಉಪಕಾರ ಇಷ್ಟೇ ಸಾಕು. ಟಿಪ್ಪರರಿ ಎಂಬ ಕೌಂಟಿಯಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಜಿಲ್ಲೆಯಲ್ಲಿ, ದನಗಳು ಮೇಯುವ ಹುಲ್ಲುಗಾವಲಿನ ನಡುವೆ ಒಂದು ಇಗರ್ಜಿ, ಎರಡು ಅಂಗಡಿ, ಒಂದು ಮೈದಾನ. ಶೈನಿ ಅಲ್ಲಿ ಬ್ರೀಡಾ ಮತ್ತು ಡೆನಿಸ್ ಎಂಬ ಪ್ರಾಯವಾದ ದಂಪತಿಯ ಮನೆಯ ಮಾಳಿಗೆಯಲ್ಲಿ ಬಾಡಿಗೆಗೆ ಇದ್ದಳು. ಬ್ರೀಡಾ ಊರಿನ ಹೆಣ್ಣುಮಕ್ಕಳ ಗೇಲಿಕ್ ತಂಡದ ಮ್ಯಾನೇಜರ್. ಡೆನಿಸ್ ರಗ್ಬಿ ಭಕ್ತ. ಇಬ್ಬರೂ ಒಂದೇ ಮನೆಯಲ್ಲಿ ನಲವತ್ತು ವರ್ಷ ಬದುಕಿದ್ದರು, ಎರಡು ಟಿವಿ ಇಟ್ಟುಕೊಂಡು.

ಬಾಗಿಲು ತೆರೆದ ಬ್ರೀಡಾ ನನ್ನ ಎದೆಯ ಮೇಲಿನ ಲಾಂಛನವನ್ನು ಒಮ್ಮೆ ನೋಡಿದರು. ಅವರ ಹಿಂದಿನಿಂದ ಇಣುಕಿದ ಡೆನಿಸ್, “ಬನ್ನಿ ಬನ್ನಿ, ಈ ಮನೆಗೆ ಬುದ್ಧಿ ಇರುವವರು ಬರದೆ ತುಂಬಾ ಕಾಲವಾಗಿತ್ತು” ಎಂದು ನನ್ನ ಕೈ ಕುಲುಕಿದರು. ನನ್ನ ಹೆಸರು ಯಶೋದಾ. ಅದು ಅವರ ನಾಲಗೆಯಲ್ಲಿ ಮೊದಲ ಸಲಕ್ಕೆ ‘ಶೋಡಾ’ ಆಯಿತು, ಚಹಾ ಕುಡಿದು ಮುಗಿಯುವುದರೊಳಗೆ ‘ಸೋಡಾ’ ಆಯಿತು. ಅಲ್ಲಿಂದ ಮುಂದೆ ನಾನು ಮಿಸೆಸ್ ಸೋಡಾ.

ಚಹಾದ ಬಗ್ಗೆ ಒಂದು ಮಾತು. ಆ ಊರಿನಲ್ಲಿ ಚಹಾ ಬೇಡ ಎನ್ನುವುದು ಸುಲಭವಲ್ಲ. ಒಮ್ಮೆ ಬೇಡ ಎಂದರೆ ಮರ್ಯಾದೆಗೆ ಹೇಳಿದ್ದು ಎಂದುಕೊಳ್ಳುತ್ತಾರೆ, ಎರಡನೆಯ ಸಲಕ್ಕೆ ನಾಚಿಕೆ ಎಂದುಕೊಳ್ಳುತ್ತಾರೆ, ಮೂರನೆಯ ಸಲಕ್ಕೆ ಹೌದು ಎಂದೇ ಅರ್ಥ ಮಾಡಿಕೊಂಡು ತಂದಿಡುತ್ತಾರೆ. ಬಸ್ಸಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಫೋನು ಇಡುವಾಗ ಬೈ ಬೈ ಬೈ ಬೈ ಎಂದು ಕಡಿಮೆಯೆಂದರೆ ಏಳೆಂಟು ಸಲ ಹೇಳಿ, ಆಮೇಲೂ ಇನ್ನೊಂದು ವಿಷಯ ನೆನಪು ಮಾಡಿಕೊಳ್ಳುತ್ತಾರೆ. ಆ ಒಂದು ವಿಷಯದಲ್ಲಿ ಮಾತ್ರ ನನಗೆ ಊರಿನಲ್ಲೇ ಇದ್ದ ಹಾಗೆ ಆಯಿತು.

ಭಾನುವಾರದ ಪೇಪರ್ ಬಂದಾಗ ಬ್ರೀಡಾ ಡ್ರಾಯರಿನಿಂದ ಬಟ್ಟೆ ಅಳೆಯುವ ಟೇಪು ತೆಗೆದರು. ಮೊದಲು ರಗ್ಬಿ ಸುದ್ದಿಯ ಉದ್ದ ಅಳೆದರು. ಪುಟ ತಿರುಗಿಸಿ ತಿರುಗಿಸಿ ಅಳೆದರು. ಆಮೇಲೆ ಹೆಣ್ಣುಮಕ್ಕಳ ಗೇಲಿಕ್ ಆಟದ ಸುದ್ದಿ ಹುಡುಕಿ, ಮೂಲೆಯಲ್ಲಿ ಸಿಕ್ಕ ತುಣುಕಿಗೆ ಟೇಪು ಹಿಡಿದರು. ನನ್ನ ಹೆಬ್ಬೆರಳಿನಷ್ಟೂ ಇರಲಿಲ್ಲ.

“ನಮ್ಮ ಆಟಗಾರರಿಗೆ ಯಾರೂ ಸಂಬಳ ಕೊಡುವುದಿಲ್ಲ, ಸೋಡಾ. ನರ್ಸು, ಪ್ಲಂಬರು, ಮೇಷ್ಟ್ರು, ಹಾಲು ಕರೆಯುವವರು. ಹುಟ್ಟಿದ ಊರಿಗೆ ಆಡುತ್ತಾರೆ, ಸೋಮವಾರ ಕೆಲಸಕ್ಕೆ ಹೋಗುತ್ತಾರೆ. ಪ್ರತಿ ಹಳ್ಳಿಯಲ್ಲೂ ಮೈದಾನ ಇದೆ. ಆದರೂ ಪೇಪರು, ಟಿವಿ ಎಲ್ಲ ಆ ಮೊಟ್ಟೆ ಚೆಂಡಿನ ಹಿಂದೆ.”

ಮುಂಬದಿಯ ಕೋಣೆಯಿಂದ ಡೆನಿಸ್ ಕೂಗಿದರು: “ಆ ಮೊಟ್ಟೆ ಚೆಂಡಿನಿಂದ ನಾವು ದೊಡ್ಡ ದೊಡ್ಡ ದೇಶಗಳನ್ನು ಸೋಲಿಸುತ್ತೇವೆ. ನಿಮ್ಮ ಆಟದಲ್ಲಿ ಸೋಲಿಸಲು ಪಕ್ಕದ ಊರು ಬಿಟ್ಟು ಯಾರಿದ್ದಾರೆ?”

“ಪಕ್ಕದ ಊರನ್ನು ಸೋಲಿಸುವುದೇ ಕಷ್ಟ!” ಎಂದು ಬ್ರೀಡಾ ತಿರುಗಿ ಕೂಗಿದರು.

ನನಗೆ ಬ್ರೀಡಾ ಅವರ ಸಿಟ್ಟು ಚೆನ್ನಾಗಿ ಅರ್ಥವಾಯಿತು. ನಮ್ಮ ಮಕ್ಕಳು ಕಬಡ್ಡಿಯಲ್ಲಿ ಗೆದ್ದಾಗ ನಾನು ದುಂಡಾದ ಅಕ್ಷರದಲ್ಲಿ ವರದಿ ಬರೆದು ಪೇಪರಿಗೆ ಕಳಿಸುತ್ತಿದ್ದೆ. ಅದು ಅಡಿಕೆ ಧಾರಣೆಯ ಕೆಳಗೆ ಎರಡು ಸಾಲಾಗಿ ಬರುತ್ತಿತ್ತು, ಕೆಲವೊಮ್ಮೆ ಸೋತ ಶಾಲೆ ಗೆದ್ದ ಹಾಗೆ. ಉಳಿದ ಪುಟವೆಲ್ಲ ಕ್ರಿಕೆಟ್. ಹಾಗಾಗಿ ಬ್ರೀಡಾ ಅವರ ಹತ್ತಿರ, ಗೇಲಿಕ್ ಆಟವೇ ಆಟ ಎಂದೆ. ಮುಂಬದಿಯ ಕೋಣೆಗೆ ಹೋಗಿ ಡೆನಿಸ್ ಹತ್ತಿರ, ರಗ್ಬಿಯ ಗತ್ತೇ ಬೇರೆ ಎಂದೆ. ಎರಡೂ ಕೋಣೆಗಳ ನಡುವೆ ಬಾಗಿಲು ಇತ್ತು ಎನ್ನುವ ಧೈರ್ಯ.

ಮಂಗಳವಾರ, ಮೈದಾನ

ಅಭ್ಯಾಸ ನೋಡಲು ಹೋದೆವು. ತುಂತುರು ಮಳೆ. ಮೈದಾನದ ಎರಡು ತುದಿಯಲ್ಲಿ ಇಂಗ್ಲಿಷಿನ ಎಚ್ ಅಕ್ಷರದ ಹಾಗಿನ ಗೋಲುಕಂಬ. ಚೆಂಡು ಮಾತ್ರ ಗುಂಡಗೆ, ನಮ್ಮ ವಾಲಿಬಾಲಿನ ಹಾಗೆ. ಅದನ್ನು ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಓಡಬಹುದು. ಆಮೇಲೆ ಒಮ್ಮೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದದ ಮೇಲೆ ಬಿಟ್ಟು ತಿರುಗಿ ಕೈಗೆ ಚಿಮ್ಮಿಸಿಕೊಳ್ಳಬೇಕು. ಎಚ್‌ನ ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಪಾಯಿಂಟ್, ಕೆಳಗಿನ ಬಲೆಗೆ ಹೋದರೆ ಮೂರು. ಶೈನಿ ನಮ್ಮ ಗೋಲಿನ ಹತ್ತಿರ ನಿಂತು ಎದುರಾಳಿಯನ್ನು ತಡೆಯುವವಳು. ಆ ಸಪೂರ ಕೈಗಳನ್ನು ಚಾಚಿ ಅವಳು ಗಾಳಿಯಿಂದ ಚೆಂಡು ಕಿತ್ತುಕೊಳ್ಳುವುದನ್ನು ನೋಡಿ ನನ್ನ ಹಳೆಯ ತಜ್ಞ ಅಭಿಪ್ರಾಯದ ಬಗ್ಗೆ ನನಗೆ ಮೊದಲ ಸಂಶಯ ಬಂತು.

ಆದರೆ ಟೀಚರಾದವಳು ಸುಮ್ಮನೆ ನಿಲ್ಲಬೇಕಲ್ಲ. ಚೆಂಡು ಹಿಡಿದವಳ ಪಕ್ಕದಲ್ಲಿ ಓಡುತ್ತಾ ಇವರು ಯಾಕೆ ಹೀಗೆ ಕೈ ಮಾತ್ರ ಆಡಿಸುತ್ತಾರೆ ಎಂದು ತಡೆಯಲಾರದೆ ಒಳಗೆ ಹೋಗಿ, ಓಡಿ ಬರುತ್ತಿದ್ದ ಹುಡುಗಿಯೊಬ್ಬಳ ಹಿಮ್ಮಡಿ ಹಿಡಿದು ತೋರಿಸಿದೆ. ಕಬಡ್ಡಿಯಲ್ಲಿ ಇದು ನನ್ನ ವಿಶೇಷ. ಹುಡುಗಿ ಕೆಸರಿನಲ್ಲಿ ಬೋರಲು ಬಿದ್ದಳು. ಬ್ರೀಡಾ ಸೀಟಿ ಊದಿದರು.

“ಸೋಡಾ! ಹಿಡಿಯುವ ಹಾಗಿಲ್ಲ! ಅದು ಫೌಲ್!”

ಹಿಡಿಯುವ ಹಾಗಿಲ್ಲದ ಆಟ ಎಂತ ಆಟ ಎಂದು ನನಗೆ ಅನಿಸಿತು. ಬಾಯಿಬಿಟ್ಟು ಹೇಳಲಿಲ್ಲ. ಮನಸ್ಸಿನಲ್ಲಿ ಇಟ್ಟುಕೊಂಡೆ, ಅದೇ ಮುಂದೆ ಮೋಸ ಮಾಡಿತು.

ಶನಿವಾರ, ದಾರಿಯಲ್ಲಿ

ಫೈನಲು ಎರಡು ಗಂಟೆಗೆ, ಮುಕ್ಕಾಲು ಗಂಟೆ ದೂರದ ಪೇಟೆಯ ಮೈದಾನದಲ್ಲಿ. ನಿಜವಾಗಿ ಅದು ಮೂರು ವಾರ ಮೊದಲೇ ಆಗಬೇಕಿತ್ತು; ಮಳೆಯಿಂದ ಮುಂದೆ ಹೋಗಿ ಹೋಗಿ, ಡಬ್ಲಿನ್ನಿನ ರಗ್ಬಿ ಮ್ಯಾಚಿನ ದಿನಕ್ಕೇ ಬಂದು ಬಿದ್ದಿತ್ತು. ಟಿವಿಯವರು, ಪೇಪರಿನವರು ಯಾರೂ ಇತ್ತ ಬರುವುದಿಲ್ಲ ಎಂದು ಬ್ರೀಡಾ ಬೆಳಿಗ್ಗೆಯಿಂದ ಹಲ್ಲು ಕಚ್ಚಿದ್ದರು. ವಾರಪತ್ರಿಕೆಯ ಒಬ್ಬ ವರದಿಗಾರ ಮಾತ್ರ ಬರುತ್ತೇನೆಂದು ಮಾತು ಕೊಟ್ಟಿದ್ದನಂತೆ.

ಬ್ರೀಡಾ ಅವರ ವ್ಯಾನಿನಲ್ಲಿ ಹುಡುಗಿಯರು, ಚೆಂಡುಗಳು, ಅನ್ನಮ್ಮ. ನನಗೆ ಜಾಗ ಸಾಲದೆ ಹಿಂದಿನಿಂದ ಡೆನಿಸ್ ಕಾರಿನಲ್ಲಿ ಬರುವುದೆಂದಾಯಿತು. ವ್ಯಾನಿನ ಕಿಟಕಿಯಿಂದ ಶೈನಿ ಕೂಗಿದಳು: “ಟೀಚರೇ, ಲೇಟ್ ಮಾಡ್ಬೇಡಿ!”

“ಯಾರಿಗೆ ಹೇಳುದು ನೀನು?” ಎಂದು ನಾನು ನಕ್ಕೆ.

ಹನ್ನೆರಡೂವರೆಗೆ ಹೊರಟೆವು. ಅರ್ಧ ದಾರಿಯಲ್ಲಿ ಒಂದು ಪಬ್ ಸಿಕ್ಕಿತು. ಡೆನಿಸ್ ಕಾರು ನಿಧಾನ ಮಾಡಿ, “ಸೋಡಾ, ರಾಷ್ಟ್ರಗೀತೆ ಒಂದು ಕೇಳಿ ಹೋಗೋಣವಾ? ಎರಡು ನಿಮಿಷ” ಎಂದರು. ರಾಷ್ಟ್ರಗೀತೆ ಎಂದ ಮೇಲೆ ಪಿ.ಟಿ. ಟೀಚರ್ ಬೇಡ ಎನ್ನುವುದು ಹೇಗೆ? ಒಳಗೆ ಹೋಗಿ ಎಲ್ಲರಿಗಿಂತ ನೆಟ್ಟಗೆ ನಿಂತುಕೊಂಡೆ.

ಗೋಡೆಯಷ್ಟು ದೊಡ್ಡ ಟಿವಿ. ಗೀತೆ ಮುಗಿದು ಆಟ ಸುರುವಾಯಿತು. ನಾನು ಬಾಗಿಲಿನ ಕಡೆ ತಿರುಗಿದ್ದೆ, ಖಂಡಿತ ತಿರುಗಿದ್ದೆ. ಅಷ್ಟರಲ್ಲಿ ಚೆಂಡು ಹಿಡಿದು ನುಗ್ಗುತ್ತಿದ್ದ ಒಬ್ಬ ದೈತ್ಯನನ್ನು ಐರ್ಲೆಂಡಿನವನೊಬ್ಬ ಹಿಂದಿನಿಂದ ಹಾರಿ ಹಿಮ್ಮಡಿಯಲ್ಲಿ ಹಿಡಿದು ಉರುಳಿಸಿದ. ನನ್ನ ಆ್ಯಂಕಲ್ ಹೋಲ್ಡ್! ಮೂವತ್ತು ವರ್ಷ ನಾನು ಕಡಬ, ಸುಳ್ಯ, ಪುತ್ತೂರಿನ ಮಕ್ಕಳಿಗೆ ಹೇಳಿಕೊಟ್ಟದ್ದು!

“ಹಾಗೆ! ಬಿಡ್ಬೇಡ!” ಎಂದು ಕನ್ನಡದಲ್ಲಿ ಕಿರುಚಿದೆ. ಪಬ್ಬಿನವರೆಲ್ಲ ತಿರುಗಿ ನೋಡಿದರು.

ಆಮೇಲೆ ಏನಾಯಿತೆಂದು ನನಗೆ ಒಟ್ಟಾರೆ ಗೊತ್ತು, ಬಿಡಿಯಾಗಿ ಗೊತ್ತಿಲ್ಲ. ಯಾರೋ ಕುರ್ಚಿ ಕೊಟ್ಟರು. ಯಾರೋ ಚಹಾ ತಂದರು. ನಾನು ಬೇಡ ಎನ್ನಲೇ ಇಲ್ಲ. ಪ್ರತಿ ಹಿಡಿತಕ್ಕೂ ನಾನು ತೀರ್ಪು ಕೊಡತೊಡಗಿದೆ: ಇವ ತಡ ಮಾಡಿದ, ಇವ ಸೊಂಟ ಹಿಡಿಯಬೇಕಿತ್ತು, ಇವನಿಗೆ ಕಾಲಿನ ಕೆಲಸವೇ ಗೊತ್ತಿಲ್ಲ. ಜನ ಟಿವಿ ಬಿಟ್ಟು ನನ್ನನ್ನು ನೋಡತೊಡಗಿದರು. ಮಧ್ಯಂತರದಲ್ಲಿ, ಭಾರತದಲ್ಲಿ ಹೀಗೆ ಹಿಡಿಯುವ ಆಟ ಒಂದು ಉಂಟು, ಚೆಂಡೇ ಇಲ್ಲ ಎಂದೆ. ಚೆಂಡಿಲ್ಲದೆ ಎಂತಕ್ಕೆ ಹಿಡಿಯುವುದು ಎಂದು ಒಬ್ಬ ಕೇಳಿದ. ಹೇಳಿ ಅರ್ಥವಾಗುವುದಲ್ಲ ಎಂದು ರಬ್ಬರ್ ಬೂಟು ಹಾಕಿದ್ದ ಒಬ್ಬ ರೈತರನ್ನು ಎಬ್ಬಿಸಿ, ಅವರನ್ನು ಕಬಡ್ಡಿ ಕಬಡ್ಡಿ ಎನ್ನಿಸಿ, ನೆಲಹಾಸಿನ ಮೇಲೆ ಅವರ ಕಾಲು ಹಿಡಿದೆ. ಚಪ್ಪಾಳೆಯೋ ಚಪ್ಪಾಳೆ. ಕ್ಯಾಮೆರಾ ಹಿಡಿದ ಬೋಳುತಲೆಯವರೊಬ್ಬರು ಮಂಡಿಯೂರಿ ಫೋಟೋ ತೆಗೆದು ನನ್ನ ಹೆಸರು ಕೇಳಿಕೊಂಡರು. ಮೂವತ್ತು ವರ್ಷದ ಸೇವೆಯಲ್ಲಿ ಒಬ್ಬ ಪೇಪರಿನವನೂ ನನ್ನ ಫೋಟೋ ತೆಗೆದದ್ದಿಲ್ಲ. ನಾನು ಸೆರಗು ಸರಿ ಮಾಡಿಕೊಂಡು ಇನ್ನೊಮ್ಮೆ ಹಿಡಿದು ತೋರಿಸಿದೆ.

ಐರ್ಲೆಂಡ್ ಗೆದ್ದಿತು. ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಡೆನಿಸ್ ಕಣ್ಣೊರೆಸಿಕೊಳ್ಳುತ್ತಾ ಗೋಡೆಯ ಗಡಿಯಾರ ನೋಡಿದರು. ನಾನೂ ನೋಡಿದೆ. ಎರಡೂ ಮುಕ್ಕಾಲು.

ಇಬ್ಬರೂ ಕಾರಿಗೆ ಓಡಿದೆವು.

ಶನಿವಾರ, ಕೊನೆಯ ಹತ್ತು ನಿಮಿಷ

ಮೈದಾನ ತಲುಪಿದಾಗ ಆಟ ಮುಗಿಯಲು ಹತ್ತು ನಿಮಿಷ ಇತ್ತು. ಕೊಡೆ ಹಿಡಿದ ನೂರಿನ್ನೂರು ಜನ. ನಾನು ಹದಿನೈದು ಹುಡುಗಿಯರಲ್ಲಿ ಶೈನಿಯನ್ನು ಹುಡುಕಿದೆ. ಇರಲಿಲ್ಲ. ಗೆರೆಯ ಹೊರಗೆ, ಬೆಂಚಿನ ಮೇಲೆ, ದೊಡ್ಡ ಕೋಟು ಹೊದ್ದು ಕುಳಿತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಸೀದಾ ಬ್ರೀಡಾ ಅವರ ಹತ್ತಿರ ಹೋಗಿ, “ನನ್ನ ಹುಡುಗಿಯನ್ನು ಯಾಕೆ ಆಡಿಸಲಿಲ್ಲ?” ಎಂದು ಕೇಳಿದೆ. ಕೇಳುತ್ತಿರುವವಳು ಯಾರು ಎಂಬುದು ಕೇಳಿದ ಮೇಲೆ ನನಗೇ ಹೊಳೆಯಿತು. ಬ್ರೀಡಾ ಮೈದಾನದಿಂದ ಕಣ್ಣು ತೆಗೆಯದೆ, “ಈಗ ಬೇಡ, ಸೋಡಾ” ಎಂದರು.

ನಮ್ಮವರು ಒಂದು ಪಾಯಿಂಟಿನಿಂದ ಗೆದ್ದರು. ಶೈನಿ ಕುಂಟುತ್ತಾ ಬಂದು ನನ್ನನ್ನು ಅಪ್ಪಿಕೊಂಡಳು. ಕಾಲಿಗೆ ಮಂಜುಗಡ್ಡೆಯ ಚೀಲ ಕಟ್ಟಿತ್ತು.

“ಟೀಚರೇ! ನನ್ನ ಪಾಯಿಂಟ್ ನೋಡಿದ್ರಾ?”

ನಿಜ ಹೇಳಲು ಅರ್ಧ ಉಸಿರು ಸಾಕಿತ್ತು.

“ನೋಡದೆ ಇರ್ತೇನಾ? ಎಂಥಾ ಒದೆತ ಮಾರಾಯ್ತಿ ಅದು! ಬಲಗಾಲು ಅಲ್ವಾ?”

ಶೈನಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. “ಹೂಂ” ಎಂದಳು. ಅವಳ ಬೆನ್ನ ಹಿಂದೆ ನಿಂತಿದ್ದ ಅನ್ನಮ್ಮ ಮಗಳ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದರು.

ಬುಧವಾರ, ಪತ್ರಿಕೆ

ವಾರಪತ್ರಿಕೆ ಬಂತು. ಬ್ರೀಡಾ ಟೇಪು ಹಿಡಿದುಕೊಂಡೇ ಕಾದಿದ್ದರು. ಕ್ರೀಡಾಪುಟ ಬಿಡಿಸಿದರು. ಪುಟದ ಅರ್ಧದಷ್ಟು ನಾನೇ ಇದ್ದೆ. ಬಾಯಿ ತೆರೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ರಬ್ಬರ್ ಬೂಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದೆ. ‘ರಗ್ಬಿಗೆ ಕಾಲು ಹಿಡಿಯುವ ಪಾಠ ಹೇಳಿದ ಭಾರತದ ಮಿಸೆಸ್ ಸೋಡಾ’ ಎಂದು ಕೆಳಗೆ. ರಗ್ಬಿ ಆಟದ ಕೊನೆಯ ಕ್ಷಣದವರೆಗೂ ಇವರು ಪಬ್ ಬಿಟ್ಟು ಕದಲಲಿಲ್ಲ ಎಂದೂ ಬರೆದಿತ್ತು. ಬೋಳುತಲೆಯವರೇ ಫೈನಲಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದ ವರದಿಗಾರ. ನಮ್ಮ ಹಾಗೆಯೇ ರಾಷ್ಟ್ರಗೀತೆಗೆಂದು ಇಳಿದವರು ಇರಬೇಕು.

ಫೈನಲಿನ ಸುದ್ದಿ ನನ್ನ ಫೋಟೋದ ಅಡಿಯಲ್ಲಿ, ನನ್ನ ಮೊಣಕೈಯ ಕೆಳಗೆ, ಎರಡು ಸಾಲು. ಶೈನಿಯ ಹೆಸರಿರಲಿಲ್ಲ. ಬ್ರೀಡಾ ಅಳೆಯಲಿಲ್ಲ. ಟೇಪನ್ನು ಸುತ್ತಿ ಡ್ರಾಯರಿಗೆ ಹಾಕಿ, ಮುಂಬದಿಯ ಕೋಣೆಗೆ ಹೋಗಿ ಡೆನಿಸ್ ಅವರ ಟಿವಿಯ ತಂತಿ ಕಿತ್ತು ತಂದರು.

ಶೈನಿ ಪೇಪರನ್ನು ಪೂರ್ತಿ ಓದಿ ಮಡಚಿಟ್ಟಳು.

“ನನಗೆ ಅವತ್ತೇ ಗೊತ್ತಾಯ್ತು ಟೀಚರೇ. ನಾನು ಒದ್ದದ್ದಲ್ಲ. ಕೈಯಿಂದ ಗುದ್ದಿ ಹಾಕಿದ್ದು.”

ನಾನು ಏನೋ ಹೇಳಲು ಹೋದೆ.

“ಪುತ್ತೂರಲ್ಲಿ ನೀವು ನನ್ನನ್ನು ಆಡಿಸ್ಲಿಲ್ಲ. ಪರವಾಗಿಲ್ಲ, ನಾನು ಸಾಲದೆ ಇದ್ದೆ ಅಂದ್ಕೊಂಡೆ. ಇಲ್ಲಿ ಆಡಿದೆ, ನೀವು ನೋಡ್ಲಿಲ್ಲ. ಅದೂ ಪರವಾಗಿಲ್ಲ. ಸುಳ್ಳು ಎಂತಕ್ಕೆ ಹೇಳಿದ್ದು? ನೀವು ನನ್ನ ಟೀಚರಲ್ವಾ?”

ಮೂವತ್ತು ವರ್ಷ ಎಷ್ಟೋ ಮಕ್ಕಳನ್ನು ನಾನು ಹೀಗೆ ನಿಲ್ಲಿಸಿ ಕೇಳಿದ್ದೇನೆ. ಉತ್ತರ ಹೇಳಲಾಗದೆ ನೆಲ ನೋಡುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು. “ತಪ್ಪಾಯ್ತು ಶೈನಿ” ಎಂದೆ. “ಪುತ್ತೂರಿನದ್ದೂ ತಪ್ಪೇ. ನೀನು ಸಾಲದೆ ಇದ್ದದ್ದಲ್ಲ. ನನಗೆ ನೋಡ್ಲಿಕ್ಕೆ ಬರ್ಲಿಲ್ಲ.”

ಅವಳು ಎದ್ದಳು. ಮಾಳಿಗೆಗೆ ಹೋದಳು. ಅನ್ನಮ್ಮ ನನ್ನ ಎದುರು ಕುರ್ಚಿ ಎಳೆದು ಕುಳಿತರು. ನನಗೆ ಬೈಯುತ್ತಾರೆ ಎಂದುಕೊಂಡೆ.

“ಟೀಚರೇ, ನಿಮಗೆ ಬರೀಲಿಕ್ಕೆ ಬರ್ತದಲ್ಲ. ಪೆನ್ನು ತೆಗೀರಿ. ನಾನು ಪೂರ್ತಿ ನೋಡಿದ್ದೇನೆ. ನಾನು ಹೇಳ್ತೇನೆ.”

ಗುರುವಾರ, ಮನೆಯ ಹಿಂದಿನ ಹುಲ್ಲುಗಾವಲು

ಅನ್ನಮ್ಮನಿಗೆ ಆಟದ ಒಂದು ನಿಯಮವೂ ಗೊತ್ತಿರಲಿಲ್ಲ. ಆದರೆ ಮಗಳು ಯಾವಾಗ ಎಲ್ಲಿ ನಿಂತಿದ್ದಳು, ಯಾರು ಅವಳನ್ನು ದೂಡಿದರು, ಎಷ್ಟು ಸಲ ಕೆಸರಿಗೆ ಬಿದ್ದಳು ಎಂಬುದೆಲ್ಲ ಬಾಯಿಪಾಠವಾಗಿತ್ತು. “ಆ ಕೆಂಪು ಜಡೆಯವಳು ಈಚೆಯಿಂದ ಬಂದಳು, ಮೋಳು ಆಚೆಯಿಂದ ಹಾರಿದಳು” ಎಂದು ಮಗಳನ್ನು ಮಲಯಾಳದಲ್ಲಿ ಮೋಳು ಎಂದೇ ಕರೆದು ಹೇಳಿದರೆ ನಾನು ಏನು ಬರೆಯುವುದು? ಹಾಗಾಗಿ ಮರುದಿನ ಮಧ್ಯಾಹ್ನ ಹಿಂದಿನ ಹುಲ್ಲುಗಾವಲಿನಲ್ಲಿ ಆಡಿ ತೋರಿಸುವುದೆಂದಾಯಿತು. ಎರಡು ಬಕೆಟ್ಟು ಇಟ್ಟು ಗೋಲು ಮಾಡಿದೆವು. ಅನ್ನಮ್ಮ ಗೋಲ್‌ಕೀಪರ್, ಸೀರೆಯ ಮೇಲೆ ಮಗಳ ಜಾಕೆಟ್ ಹಾಕಿಕೊಂಡು. ಕೆಂಪು ಜಡೆಯವಳ ಪಾತ್ರ ಡೆನಿಸ್ ಅವರಿಗೆ. ಟಿವಿಯ ತಂತಿ ತಿರುಗಿ ಸಿಗಬೇಕಾದರೆ ಅವರಿಗೂ ಬೇರೆ ದಾರಿ ಇರಲಿಲ್ಲ. ನಾನು ಶೈನಿ.

ಬ್ರೀಡಾ ಸೀಟಿ ಊದಿದರು. ಡೆನಿಸ್ ಚೆಂಡು ಹಿಡಿದು ಓಡಿ ಬಂದರು. ನಾನು ಅಡ್ಡ ಹಾರಿದೆ, ಜಾರಿದೆ, ಅವರ ಕಾಲ ಬುಡಕ್ಕೇ ಬಂದು ಬಿದ್ದೆ. ನನ್ನ ಕೈ ತನ್ನಷ್ಟಕ್ಕೇ ಅವರ ಹಿಮ್ಮಡಿ ಹಿಡಿದುಕೊಂಡಿತು.

“ಫೌಲ್!” ಎಂದು ಮೇಲಿನಿಂದ ಕೂಗು ಕೇಳಿತು. ಮಾಳಿಗೆಯ ಕಿಟಕಿಯಲ್ಲಿ ಶೈನಿ. “ಟೀಚರೇ, ಕೈ ಬಿಡಿ! ನಾನು ಹಾಗೆ ಮಾಡ್ಲಿಲ್ಲ!”

“ಹಾಗಾದ್ರೆ ಇಳಿದು ಬಂದು ಹೇಳು!” ಎಂದೆ, ಕೆಸರಿನಿಂದಲೇ.

ಇಳಿದು ಬಂದಳು. ಕುಂಟುತ್ತಾ ಬಂದು ಅಡುಗೆಮನೆಯ ಕುರ್ಚಿ ತಂದು ಹುಲ್ಲಿನಲ್ಲಿ ಹಾಕಿ ಕುಳಿತಳು. ಆಮೇಲೆ ಒಂದೂವರೆ ಗಂಟೆ ನನ್ನನ್ನು ಓಡಿಸಿದಳು. ಎಲ್ಲಿ ನಿಲ್ಲಬೇಕು, ಯಾವಾಗ ಕೈ ಚಾಚಬೇಕು, ಗೋಲಿನ ಗೆರೆಯ ಮೇಲೆ ಚೆಂಡಿಗೆ ಹೇಗೆ ಎದೆ ಕೊಟ್ಟಳು. ಕೊನೆಗೆ ತನ್ನ ಜಾಗ ಬಿಟ್ಟು ಮೈದಾನದ ಆ ತುದಿಯವರೆಗೆ ಓಡಿದ ಓಟ. ನಾಲ್ಕು ಹೆಜ್ಜೆ, ಪಾದ, ಕೈ. ನಾಲ್ಕು ಹೆಜ್ಜೆ, ಪುಟಿಸು, ಕೈ. ನಾನು ಹತ್ತು ಸಲ ಚೆಂಡು ಬಿಟ್ಟೆ. “ಇನ್ನೊಮ್ಮೆ ಟೀಚರೇ” ಎಂದಳು ಹತ್ತು ಸಲವೂ. ಅವಳ ದನಿಯಲ್ಲಿ ನನ್ನದೇ ದನಿ ಇತ್ತು. ಒಂದು ವ್ಯತ್ಯಾಸ, ಅವಳು ನಗುತ್ತಿದ್ದಳು. ಹನ್ನೊಂದನೆಯ ಸಲ ಆಗಿಬಂತು. ಮುಷ್ಟಿ ಕಟ್ಟಿ ಚೆಂಡನ್ನು ಗುದ್ದಿದೆ. ಅದು ಬಕೆಟ್ಟಿನ ಮೇಲಿಂದ ಹಾರಿ ಬೇಲಿಯಾಚೆಯ ದನಗಳ ನಡುವೆ ಬಿತ್ತು. ಅನ್ನಮ್ಮ ಎರಡೂ ಕೈ ಮೇಲೆತ್ತಿ, “ಪಾಯಿಂಟ್!” ಎಂದು ಇಗರ್ಜಿಗೆ ಕೇಳುವ ಹಾಗೆ ಕೂಗಿದರು.

ಅವತ್ತು ಸಂಜೆಯೇ ಕುಳಿತು ಪೂರ್ತಿ ವರದಿ ಬರೆದೆ. ಇಂಗ್ಲಿಷಿನದ್ದನ್ನು ಬ್ರೀಡಾ ತಿದ್ದಿ ವಾರಪತ್ರಿಕೆಗೆ ಕೊಟ್ಟರು. ಮುಂದಿನ ವಾರದ ಪುಟ ಆಗಲೇ ರಗ್ಬಿಗೆ ಹೋಗಿದೆ ಎಂಬ ಉತ್ತರ ಬಂತು. ಕನ್ನಡದ್ದನ್ನು ನಮ್ಮೂರ ಕಡೆಯ ಪೇಪರಿಗೆ, ಬೆಟ್ಟಂಪಾಡಿಯಲ್ಲಿರುವ ಪರಿಚಯದ ವರದಿಗಾರರ ಮೂಲಕ, ತಂಡದವರು ತೆಗೆದಿದ್ದ ಶೈನಿಯ ಫೋಟೋದ ಜೊತೆ ಕಳಿಸಿದೆ. ಅಡಿಕೆ ಧಾರಣೆಯ ಕೆಳಗಾದರೂ ಬರಲಿ ಎಂದು.

ಹೊರಡುವ ದಿನ

ಅಲ್ಲಿಂದ ಹೊರಡುವ ಬೆಳಿಗ್ಗೆ ಫೋನಿಗೆ ಪುಟದ ಚಿತ್ರ ಬಂತು. ಅರ್ಧ ಪುಟ! ಶೈನಿಯ ದೊಡ್ಡ ಫೋಟೋ, ಕೆಸರು ಮೆತ್ತಿದ ಮುಖ, ಕೈಯಲ್ಲಿ ಚೆಂಡು. ಹೆಸರು ಸರಿ, ಅಮ್ಮನ ಹೆಸರು ಸರಿ, ನೆಲ್ಯಾಡಿ ಸರಿ. ಬ್ರೀಡಾ ಅವರ ತಂಡದ ಹದಿನೈದು ಹುಡುಗಿಯರ ಹೆಸರೂ ಸಾಲಾಗಿ ಇತ್ತು. ಅನ್ನಮ್ಮ ಫೋನನ್ನು ಕೈಯಲ್ಲಿ ಹಿಡಿದು ಅಳುತ್ತಿದ್ದರು. ಬ್ರೀಡಾ ಕನ್ನಡಕ ಹಾಕಿಕೊಂಡು ಬಂದರು.

“ಎಷ್ಟು ದೊಡ್ಡದಾಗಿ ಹಾಕಿದ್ದಾರೆ, ನಮ್ಮವರಿಗೆ ನಾಚಿಕೆಯಾಗಬೇಕು. ಈ ದಪ್ಪ ಅಕ್ಷರದಲ್ಲಿ ಏನಿದೆ, ಸೋಡಾ? ಓದಿ ಹೇಳು.”

ನಾನು ಓದಿದೆ, ಮನಸ್ಸಿನಲ್ಲೇ. ‘ಐರ್ಲೆಂಡ್ ರಗ್ಬಿಯಲ್ಲಿ ಮಿಂಚಿದ ನೆಲ್ಯಾಡಿಯ ಯುವತಿ’. ನಾನು ಬರೆದದ್ದು ಗೇಲಿಕ್ ಫುಟ್ಬಾಲ್ ಎಂದೇ. ಹಾಗೆಂದರೆ ಯಾರಿಗೂ ಅರ್ಥವಾಗದು ಎಂದು ಪೇಪರಿನಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದ ತಿದ್ದಿದ್ದರು.

ಶೈನಿಯೂ ಓದಿದ್ದಳು. ನನ್ನ ಮುಖ ನೋಡುತ್ತಿದ್ದಳು. ಬ್ರೀಡಾ ಅವರಿಗೆ ಕನ್ನಡ ಬರುವುದಿಲ್ಲ. ಬಾಯಿಗೆ ಬಂದದ್ದು ಏನು ಹೇಳಿದರೂ ನಡೆಯುತ್ತಿತ್ತು.

“ಬ್ರೀಡಾ, ಇದರಲ್ಲಿ ರಗ್ಬಿ ಎಂದು ಬರೆದಿದ್ದಾರೆ” ಎಂದೆ.

ಮೊದಲು ಡೆನಿಸ್ ನಕ್ಕರು, ಕುರ್ಚಿಯಿಂದ ಜಾರುವಷ್ಟು ನಕ್ಕರು. ಬ್ರೀಡಾ ಮೇಜಿನ ಮೇಲೆ ಕೈಯೂರಿ ಕಣ್ಣು ಮುಚ್ಚಿದರು. ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ, ಅವರೂ ನಗುತ್ತಿದ್ದರು. ಶೈನಿ ಬಂದು ನನ್ನ ಭುಜಕ್ಕೆ ಗಲ್ಲ ಇಟ್ಟಳು.

“ಹೆಸರು ಸರಿ ಬಂದಿದೆಯಲ್ಲ ಟೀಚರೇ. ಆಟ ಯಾವುದು ಅಂತ ನೀವು ಊರಿಗೆ ಹೋಗಿ ಹೇಳಿ.”

ನೆಲ್ಯಾಡಿ

ಹೇಳುತ್ತಿದ್ದೇನೆ. ಪೇಪರನ್ನು ಇಲ್ಲಿ ಎಲ್ಲರೂ ನೋಡಿದ್ದಾರೆ. ಅನ್ನಮ್ಮ ಅದಕ್ಕೆ ಗಾಜು ಹಾಕಿಸಿದ್ದಾರೆ. ಮೊನ್ನೆ ಅವರ ಮನೆಗೆ ಹೋಗಿ ಹಿಂದಿರುಗುವಾಗ ಬಸ್ಸು ಕಾಯುತ್ತಿದ್ದೆ. ತರಕಾರಿ ಅಂಗಡಿಯವರು ಕೂಗಿ ಕೇಳಿದರು: “ಟೀಚರೇ, ನಮ್ಮ ಶೈನಿ ರಗ್ಬಿ ಆಡುದಂತೆ ಅಲ್ವಾ?”

“ರಗ್ಬಿಯಲ್ಲ ಮಾರಾಯ್ರೆ, ಗೇಲಿಕ್ ಫುಟ್ಬಾಲ್.”

“ಅದು ಹೇಗೆ ಆಡುದು?”

ಚೀಲವನ್ನು ಕೆಳಗಿಟ್ಟು, ಅವರ ಅಂಗಡಿಯಿಂದ ಒಂದು ಸಣ್ಣ ಚೀನಿಕಾಯಿ, ಅಂದರೆ ಸಿಹಿಗುಂಬಳ, ಎತ್ತಿಕೊಂಡೆ. ನಾಲ್ಕು ಹೆಜ್ಜೆ, ಪಾದ, ಕೈ. ಇಗರ್ಜಿಯಿಂದ ಬರುತ್ತಿದ್ದವರು ನಿಂತರು, ರಿಕ್ಷಾದವರು ನಿಂತರು. ಪುಟಿಸುವುದನ್ನು ಚೀನಿಕಾಯಿಯಲ್ಲಿ ತೋರಿಸಲು ಆಗುವುದಿಲ್ಲ, ಅದನ್ನು ಬಾಯಲ್ಲೇ ಹೇಳಿದೆ. ಮೇಲಿಂದ ಹೋದರೆ ಒಂದು, ಕೆಳಗಿನಿಂದ ಹೋದರೆ ಮೂರು, ಹಿಡಿಯುವ ಹಾಗಿಲ್ಲ ಎಂದು ನಾನು ಹೇಳುತ್ತಿರುವಾಗ ಕಡಬದ ಬಸ್ಸು ಬಂತು, ಕಂಡಕ್ಟರ್ ಎರಡು ಸಲ ಸೀಟಿ ಊದಿದ, ಬಸ್ಸು ಹೋಯಿತು.

“ಬಸ್ಸು ಹೋಯ್ತಲ್ಲ ಟೀಚರೇ” ಎಂದರು ಅಂಗಡಿಯವರು.

“ಹೋಗ್ಲಿ. ಅವಳ ಪಾಯಿಂಟ್ ಇನ್ನೂ ತೋರಿಸ್ಲಿಲ್ಲ” ಎಂದು ಮುಷ್ಟಿ ಕಟ್ಟಿದೆ.